ದಂಡೆ ಮೇಲೆ ಕರೆಯದೆ ಬಿಟ್ಟ ಹೆಸರು

ಕಟ್ಟುಕತೆ ಅನ್ನೋರು ಈಗಲೇ ಎದ್ದು ಹೋಗಿ ಮಲಗಬಹುದು. ನನಗೇನೂ ಬೇಜಾರಿಲ್ಲ. ಕೇಳೋರು ಮಾತ್ರ ಕೂತಿರೋ ಜೋಲಿ ಹತ್ತಿರಕ್ಕೆ ಎಳಕೊಳ್ಳಿ... ಇದು ಗಂಟಲು ಹರಕೊಂಡು ಹೇಳೋ ವಿಷಯ ಅಲ್ಲ. ಮತ್ತೆ, ಹಿತ್ತಲ ಬಾವಿಗೆ ಹಲಗೆ ಮುಚ್ಚಿದೀರೋ ಇಲ್ವೋ? ಮುಚ್ಚಿ ಬನ್ನಿ. ನಾನು ಕಾಯ್ತೀನಿ.

ಆಯ್ತಾ? ಸರಿ.

ನಡೆದದ್ದು ನಮ್ಮ ತಿಶ್ಮುಲ್‌ನಲ್ಲೇ, ನಮ್ಮ ಬೇಲಿಯಾಚೆ ಮನೆಯ ಲಾಂದಿಗೆ. ಲಾಂದಿ ಗೈಡು. ಬೆಳಿಗ್ಗೆ ಪ್ರವಾಸಿಗಳಿಗೆ ಕಾಡಿನೊಳಗಿನ ಹಳೇ ಮಾಯಾ ಗುಡಿಗಳನ್ನ ತೋರಿಸೋಳು, ಮಧ್ಯಾಹ್ನ ನಮ್ಮೂರ ಮಡುವಿಗೆ, ನೆಲ ಕುಸಿದು ಆದ ಗವಿಯೊಳಗಿನ ಆ ನೀರಿಗೆ, ಈಜೋಕೆ ಕರಕೊಂಡು ಬರೋಳು. ಸಂಜೆ ಅವಳ ಗಂಡ ಗಾಸ್ಪರ್ ಎಲ್ಲರನ್ನೂ ವ್ಯಾನಿಗೆ ತುಂಬಿಕೊಂಡು ಪಟ್ಟಣಕ್ಕೆ ಬಿಟ್ಟು ಬರೋನು. ಲಾಂದಿ ದಾರಿಯಲ್ಲೇ ಊರಿನ ಕೈಕಂಬದ ಹತ್ತಿರ ಇಳಿದು ಮನೆಗೆ ನಡಕೊಂಡು ಬರೋಳು. ಬಾಯಿ ಬಜಾರಿ ಅಂತ ಊರಲ್ಲಿ ಹೆಸರು. ಬಾಯಿಲ್ಲದ ಗೈಡನ್ನ ಯಾರು ಕೇಳ್ತಾರೆ ಅನ್ನೋಳು ಅವಳು.

ಆ ದಿನ ವ್ಯಾನ್ ಕೆಟ್ಟು ತಡವಾಯ್ತು. ಕತ್ತಲಾಗಿತ್ತು. ದಾರಿಯಲ್ಲಿ ದೊಡ್ಡ ಬೂರುಗದ ಮರ ಇದೆಯಲ್ಲ, ಅದರ ಬುಡದಲ್ಲಿ ಊರಿನ ಹಳೇ ಬಾವಿ... ಅಲ್ಲಿಗೆ ಬಂದಳು. ಗಾಳಿ ಇಲ್ಲ. ನಾಯಿ ಇಲ್ಲ. ಬಾವಿಯೊಳಗೆ ಮಾತ್ರ, ಟೊಪ್... ಟೊಪ್... ಅಂತ ಹನಿ ಬೀಳೋ ಸದ್ದು.

ಆಮೇಲೆ ಮಾತು.

"ನಿಧಾನ... ಮೆಟ್ಟಿಲು ಜಾರುತ್ತೆ... ಕಂಬಿ ಹಿಡ್ಕೊಳ್ಳಿ..."

ಲಾಂದಿ ನಿಂತಳು. ಬಾವಿ ಒಳಗಿಂದ ಬರ್ತಾ ಇದ್ದದ್ದು ಅವಳದೇ ಧ್ವನಿ. ಪ್ರವಾಸಿಗಳ ಹತ್ತಿರ ಆಡೋ ಆ ಸಿಹಿ ಮಾತು, ಆ ಎಳೆಯೋ ರಾಗ, ಎಲ್ಲ ಅವಳದೇ. 

"ಎಲ್ಲರೂ ಬಂದ್ರಾ?" ಬಾವಿ ಕೇಳ್ತು. ಆಮೇಲೆ ತಾನೇ ಅಂತು. "ಇಲ್ಲ... ಇನ್ನೂ ಒಬ್ಬರು ಬಾಕಿ."

ಬೇರೆ ಯಾರಾದ್ರೂ ಆಗಿದ್ರೆ ಚಪ್ಪಲಿ ಬಿಟ್ಟು ಓಡ್ತಿದ್ರು. ಲಾಂದಿ ಒಂದು ಕಲ್ಲು ತಗೊಂಡು ಒಳಗೆ ಹಾಕಿದಳು. ಡುಬುಕ್. ಬಗ್ಗಿ ಪಿಸುಗುಟ್ಟಿದಳು. "ಯಾರೇ ಅದು, ನನ್ನ ಮಾತು ಕದ್ದು ಆಡೋಳು?"

ಮಾರ್ದನಿ ಬಂತು ಅಂತ ನೀವು ಅಂದ್ಕೋಬಹುದು. ಇಲ್ಲ ಕಣ್ರೀ. ಲಾಂದಿ ಬಾಯಿ ತೆರೆಯೋ ಮುಂಚೆನೇ ಆ ಮಾತು ಕೆಳಗಿಂದ ಬಂದಿತ್ತು. ಅವಳು ಹೇಳಿದ್ದು ಆಮೇಲೆ.

ಆದರೂ ಓಡಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದೇ ಮನೆಗೆ ಹೋದಳು. 

ಮನೆಯಲ್ಲಿ ಅತ್ತೆ, ಊರೆಲ್ಲ ಗೌರವದಿಂದ ದೋನ್ಯಾ ಅನ್ನೋ ಬಾಸಿಲಿಯಾ, ಹುರುಳಿ ಬೇಯಿಸ್ತಾ ಕೂತಿದ್ದಳು. ಸೊಸೆ ಮುಖ ನೋಡಿದಳು, ತಲೆ ನೋಡಿದಳು. ಸೌಟು ಕೆಳಗಿಟ್ಟಳು.

"ತಲೆ ಯಾಕೆ ಒದ್ದೆ?"

"ಮಧ್ಯಾಹ್ನ ನೆಂದಿದ್ದು, ಅತ್ತೆ."

"ಮಧ್ಯಾಹ್ನದ್ದು ಇನ್ನೂ ಸೋರ್ತಾ ಇದೆಯಾ?" ಮುದುಕಿ ಹತ್ತಿರ ಬಂದಳು. ಧ್ವನಿ ಇಳಿಸಿದಳು. "ಇಳಿದೆಯಾ?"

"ಇಳಿದೆ."

"ಕರೆದ್ರಾ?"

ಲಾಂದಿ ಕೂದಲು ಹಿಂಡಿಕೊಂಡಳು. "ಇಲ್ಲ," ಅಂದಳು.

ಮುದುಕಿ ಎದೆ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಅಲ್ಲೇ ಕುಸಿದು ಕೂತಳು.

ಯಾಕೆ ಅಂತ ಹೇಳ್ತೀನಿ. ನಮ್ಮೂರ ಮಡುವಿಗೆ ಇಳಿದೋರು ಮೇಲೆ ಬಂದ ಕೂಡಲೇ, ದಂಡೆ ಮೇಲೆ ಕಾಯೋನು ಒಬ್ಬೊಬ್ಬರ ಹೆಸರು ಹಿಡಿದು ಕೂಗಬೇಕು. "ಬಾ, ಅಲ್ಲಿ ಉಳೀಬೇಡ!" ಅನ್ನಬೇಕು. ಮೈ ಏನೋ ಮೆಟ್ಟಿಲು ಹತ್ತಿ ಬಂದುಬಿಡುತ್ತೆ, ಆದರೆ ಜೀವಕ್ಕೆ ಆ ನೀರಿನ ತಂಪು ಹಿತವಾಗಿ ಅಲ್ಲೇ ಕೂತಿರುತ್ತೆ. ಕರೆದರೇನೇ ಬರೋದು. ತನ್ನ ಹೆಸರು ತಾನೇ ಕೂಗಿಕೊಂಡರೆ ನಡೆಯಲ್ಲ. ಹಾಗೆ ಉಳಿದೋರು ಮೇಲೆ ಸೊರಗಿ ಸೊರಗಿ ಹೋಗ್ತಾರೆ, ಹೆಚ್ಚು ಕಾಲ ಬದುಕಲ್ಲ.

ಕಾಯೋನು ದೋನ್ ಅಬುಂದಿಯೋ. ಮಡುವಿನ ಪಕ್ಕದಲ್ಲೇ ಗುಡಿಸಲು, ಒಂಟಿ ಮುದುಕ, ಮಳೆ ಕರೆಯೋ ಪೂಜೆಗೂ ಅವನೇ ಪೂಜಾರಿ. ಆ ಪೂಜೆಗೆ ಮಡುವಿನ ನೀರೇ ಆಗಬೇಕು, ಅದಕ್ಕೇ ಊರಿನ ಹೆಂಗಸರು ಅಲ್ಲಿಗೆ ಇಳಿಯೋ ಹಾಗಿಲ್ಲ. ಮೈಲಿಗೆ. ಮಳೆ ನಿಂತುಹೋಗುತ್ತೆ. ಲಾಂದಿಯೂ ದಿನಾ ದಂಡೆ ಮೇಲೇ ನಿಂತು, ಪ್ರವಾಸಿಗಳನ್ನ ಕೆಳಗೆ ಕರಕೊಂಡು ಹೋಗೋಕೆ ವಿಲ್ಬರ್ ಅನ್ನೋ ಹುಡುಗನಿಗೆ ಒಪ್ಪಿಸ್ತಿದ್ದಳು.

ಆ ದಿನ ವಿಲ್ಬರ್ ಬರಲಿಲ್ಲ. ಹಿಂದಿನ ದಿನ ಊರಹಬ್ಬದಲ್ಲಿ ಗೂಳಿ ಬೆನ್ನಟ್ಟಿ, ಕುಡಿದು, ಎಲ್ಲೋ ಬಿದ್ದಿದ್ದ. ಪ್ರವಾಸಿಗಳು ಮೈತೊಳೆದುಕೊಂಡು ತೇಲೋ ಜಾಕೆಟ್ಟು ಕಟ್ಟಿಕೊಂಡು ನಿಂತಿದ್ದಾರೆ. ಅವರಲ್ಲಿ ಮೆರಿದಾ ಪಟ್ಟಣದ ಒಬ್ಬ ವಯಸ್ಸಾದ ಹೆಂಗಸು ಕೇಳಿದಳು.

"ನೀನೇ ಬಾರಮ್ಮ. ನೀರು ನೀಲಿ, ಆಕಾಶದ ಹಾಗೆ ಅಂತ ಬೆಳಗಿಂದ ಹೇಳ್ತಾ ಇದೀಯಲ್ಲ. ನೀನು ನೋಡಿಲ್ವಾ?"

ನೋಡಿರಲಿಲ್ಲ! ಹುಟ್ಟಿ ಬೆಳೆದ ಊರು. ಗಂಡಸರು ಹೇಳಿದ್ದನ್ನ ಗಿಳಿ ಹಾಗೆ ಹೇಳ್ತಾ ಬಂದಿದ್ದಳು ಅಷ್ಟೇ. ಲಾಂದಿಗೆ ಸಿಟ್ಟು ಬಂತು. ಸೀದಾ ದೋನ್ ಅಬುಂದಿಯೋ ಹತ್ತಿರ ಹೋದಳು.

"ಇವತ್ತು ನಾನೇ ಇಳೀತೀನಿ."

"ನಿನಗೆ ತಲೆ ಕೆಟ್ಟಿದೆಯಾ? ಮೈಲಿಗೆ."

"ಇವರೆಲ್ಲ ಹೆಂಗಸರಲ್ವಾ? ದಿನಾ ದುಮುಕ್ತಾರೆ. ಆಗ ಮೈಲಿಗೆ ಆಗಲ್ವಾ?"

"ಅವರು ಹೊರಗಿನೋರು. ಮಳೆಗೆ ಅವರ ಗುರುತಿಲ್ಲ."

"ಓಹೋ! ಮಳೆ ಪಾಸ್‌ಪೋರ್ಟ್ ನೋಡಿ ನಿಲ್ಲುತ್ತೆ ಅನ್ನಿ."

ಪ್ರವಾಸಿಗಳಿಗೆ ಮಾಯಾ ಮಾತು ತಿಳಿಯದೆ ಇವರಿಬ್ಬರನ್ನೂ ನೋಡಿ ಹಲ್ಲು ಬಿಡ್ತಾ ನಿಂತಿದ್ದರು. ಲಾಂದಿ ಚಪ್ಪಲಿ ಕಳಚಿ, ಆ ಹೆಂಗಸಿನ ಕೈ ಹಿಡಕೊಂಡು ಇಳಿದೇಬಿಟ್ಟಳು. ಕಿರ್... ಕಿರ್... ಅಂತ ಮರದ ಮೆಟ್ಟಿಲು. ಬಾವಲಿಗಳು ಪಟಪಟ ಅಂದವು. ಕೆಳಗೆ ನೋಡ್ತಾಳೆ... ನೀರು ನೀಲಿ ಅಲ್ಲವೇ ಅಲ್ಲ. ಹಸಿರು. ಎಳೇ ಹಸಿರು, ತಳದ ಕಲ್ಲು ಕಾಣೋ ಹಸಿರು. ಇಷ್ಟು ವರ್ಷ ಸುಳ್ಳು ಹೇಳಿಸಿದ್ರಲ್ಲ ನನ್ನ ಬಾಯಲ್ಲಿ ಅಂತ ನಗು ಬಂತು ಅವಳಿಗೆ. ಬಟ್ಟೆ ಸಮೇತ ಬಿದ್ದಳು. ಅಂಗಾತ ತೇಲಿದಳು. ಮೇಲೆ ದುಂಡಗಿನ ಬೆಳಕು, ಮೈ ಹಗುರ. ಅಂಥಾ ಸಂತೋಷ ಮದುವೆ ದಿನವೂ ಆಗಿರಲಿಲ್ಲ ಅಂತ ಅತ್ತೆಗೆ ಮುಖಕ್ಕೇ ಹೇಳಿದಳಂತೆ ಆ ರಾತ್ರಿ.

ಮೇಲೆ ಬಂದರು. ದೋನ್ ಅಬುಂದಿಯೋ ಒಬ್ಬೊಬ್ಬರನ್ನೂ ಕರೆದ. ಅವನ ಬಾಯಲ್ಲಿ ಆ ವಿದೇಶಿ ಹೆಸರುಗಳು ಪುಡಿಪುಡಿ ಆಗ್ತಿದ್ದವು, ಆದರೂ ಒಂದನ್ನೂ ಬಿಡಲಿಲ್ಲ. "ಬಾ, ಅಲ್ಲಿ ಉಳೀಬೇಡ!" ಕೊನೆಗೆ ಲಾಂದಿ. ಅವಳು ಎದುರು ನಿಂತಳು. ಮುದುಕ ಅವಳನ್ನ ನೋಡಲೇ ಇಲ್ಲ. ಟೋಪಿ ಹಾಕಿಕೊಂಡು ಗುಡಿಸಲಿಗೆ ನಡೆದುಬಿಟ್ಟ. ಅವನ ಲೆಕ್ಕದಲ್ಲಿ ಊರಿನ ಹೆಂಗಸು ಯಾರೂ ಇಳಿದೇ ಇಲ್ಲ. ಇಳಿಯದೇ ಇದ್ದೋಳನ್ನ ಕರೆಯೋದು ಹೇಗೆ?

ಈಗ ತಿಳೀತಲ್ಲ, ಬಾವಿಯಲ್ಲಿ ಯಾರಿದ್ದರು ಅಂತ. ನಮ್ಮ ನೆಲದ ಕೆಳಗೆ ಎಲ್ಲ ನೀರೂ ಒಂದೇ ನೀರು.

ಮಾರನೇ ದಿನ ಲಾಂದಿ ಹಟ ಹಿಡಿದು ಕೆಲಸಕ್ಕೆ ಹೋದಳು. ದೊಡ್ಡ ಗುಡಿಯ ಮೆಟ್ಟಿಲ ಎದುರು ನಿಂತು ಚಪ್ಪಾಳೆ ತಟ್ಟಿದರೆ ಕಲ್ಲಿನಿಂದ 'ಚಿಯ್ಞ್' ಅಂತ ಹಕ್ಕಿ ಕೂಗಿದ ಹಾಗೆ ಸದ್ದು ತಿರುಗಿ ಬರುತ್ತೆ, ಗೊತ್ತಲ್ಲ? ಪ್ರವಾಸಿಗಳಿಗೆ ಅದು ಅಂದರೆ ಪ್ರಾಣ. ಲಾಂದಿ ತಟ್ಟಿದಳು.

ಏನೂ ಇಲ್ಲ.

ಜೋರಾಗಿ ತಟ್ಟಿದಳು. ಅಂಗೈ ಕೆಂಪಾಯ್ತು. ಕಲ್ಲು ಸುಮ್ಮನೆ ಇತ್ತು. ಒಬ್ಬ ಪುಟ್ಟ ಹುಡುಗಿ ಮುಂದೆ ಬಂದು ಮೆಲ್ಲಗೆ ತಟ್ಟಿದಳು... ಚಿಯ್ಞ್! ಎಲ್ಲರೂ ನಕ್ಕರು. ಲಾಂದಿ ನಗಲಿಲ್ಲ. ಮಾತು ಶುರು ಮಾಡಿದಳು, ಹಿಂದೆ ನಿಂತೋರು "ಸ್ವಲ್ಪ ಜೋರಾಗಿ" ಅಂದರು. ಮತ್ತೆ ಶುರು ಮಾಡಿದಳು. "ಕೇಳಿಸ್ತಿಲ್ಲ" ಅಂದರು. ಧ್ವನಿ ಸೋರಿಹೋಗ್ತಿತ್ತು. ಊಟಕ್ಕೆ ಕೂತರೆ ಹಂದಿಮಾಂಸದ ಹುಳಿಯಲ್ಲಿ ಉಪ್ಪಿಲ್ಲ, ಮೆಣಸಿನಕಾಯಿ ಕಚ್ಚಿದರೆ ಖಾರ ಇಲ್ಲ. ಕೂದಲು ಒಣಗಲೇ ಇಲ್ಲ. ನಮ್ಮನೆ ನಾಯಿ ಇದೆಯಲ್ಲ, ಲಾಂದಿ ಕಂಡರೆ ಬಾಲ ಮುರಿಯೋ ಹಾಗೆ ಅಲ್ಲಾಡಿಸೋದು, ಅದು ಅವಳನ್ನ ದಾಟಿ ನೋಡ್ತಿತ್ತು. ನಾನೇ ಕಂಡಿದೀನಿ.

ರಾತ್ರಿಯಾದರೆ ಊರಿನ ಬಾವಿ ಬಾವಿಯಲ್ಲೂ ಲಾಂದಿಯ ಧ್ವನಿ ಪ್ರವಾಸಿಗಳನ್ನ ಕರಕೊಂಡು ತಿರುಗ್ತಿತ್ತು. ಒಂದು ಹಿತ್ತಲಲ್ಲಿ "ತಲೆ ಬಗ್ಗಿಸಿ, ಕಲ್ಲಿದೆ" ಅಂದರೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಹಿತ್ತಲಲ್ಲಿ "ಇನ್ನೂ ಒಬ್ಬರು ಬಾಕಿ" ಅನ್ನೋದು. ಇವಳ ಗಂಟಲು ಕಟ್ಟಿದ ಹಾಗೆಲ್ಲ ಅಲ್ಲಿ ಧ್ವನಿ ಖಣಖಣ ಅಂತಿತ್ತು. ಜನ ಬಾವಿ ಮೇಲೆ ಹಲಗೆ ಹಾಕಿ, ಹಲಗೆ ಮೇಲೆ ಕಲ್ಲು ಹೇರಿದರು.

ಗಾಸ್ಪರ್ ಜೋಲಿಯಲ್ಲಿ ಮುದುಡಿಕೊಂಡು ಗೋಗರೆದ. "ಹೋಗಿ ಒಂದು ಸಲ ತಪ್ಪಾಯ್ತು ಅಂದುಬಿಡೇ. ನಾಲಿಗೆ ಸವೆಯುತ್ತಾ?"

"ನೀನು ಕರಿ," ಅಂದಳು ಲಾಂದಿ. "ದಂಡೆಗೆ ಬಾ, ನನ್ನ ಹೆಸರು ಕೂಗು. ಮುಗೀತಲ್ಲ."

"ಕಾಯೋನೇ ಕರೀಬೇಕು ಕಣೇ... ಆಮೇಲೆ ಊರೋರು ನನ್ನನ್ನ ವ್ಯಾನಿಂದ ಇಳಿಸಿದ್ರೆ?"

"ಓ ನನ್ನ ಗಂಡೇ!" ಅಂದಳು. ಅಂದದ್ದು ಅವನಿಗೆ ಅರ್ಧವೂ ಕೇಳಿಸಲಿಲ್ಲ, ಅಷ್ಟು ಸಣ್ಣಗಾಗಿತ್ತು ಧ್ವನಿ.

ಕೊನೆಗೆ ಅವಳೇ ಮುದುಕನ ಗುಡಿಸಲಿಗೆ ಹೋದಳು. ಅತ್ತೆ ಹಿಂದೆ ಹಿಂದೆ ಬಂದು ಬಾಗಿಲಾಚೆ ನಿಂತಳು. ದೋನ್ ಅಬುಂದಿಯೋ ಬೀಡಿ ಸುತ್ತುತ್ತಾ ತಲೆ ಎತ್ತದೆ ಹೇಳಿದ.

"ಊರೆಲ್ಲ ಸೇರಿಸ್ತೀನಿ. ಎಲ್ಲರ ಮುಂದೆ ತಪ್ಪಾಯ್ತು ಅನ್ನು. ಗೈಡ್ ಬಿಲ್ಲೆ ಬಿಚ್ಚಿ ಇಲ್ಲಿಡು. ಇನ್ನು ಈ ದಂಡೆಗೆ ಕಾಲಿಡಲ್ಲ ಅನ್ನು. ಕರೀತೀನಿ."

"ಮಡುವಿಗೆ ಇಳಿದಿದ್ದು ತಪ್ಪಲ್ಲ."

"ಜೀವ ದೊಡ್ಡದಾ ಬಿಲ್ಲೆ ದೊಡ್ಡದಾ, ಮಗಳೇ?"

ಲಾಂದಿ ಉಸಿರೆಲ್ಲ ಒಟ್ಟುಮಾಡಿಕೊಂಡಳು. ಹೊರಗೆ ನಿಂತ ಅತ್ತೆಗೂ ಕೇಳೋ ಹಾಗೆ ಹೇಳಿದಳು. "ತಪ್ಪಾಯ್ತು ಅಂದ್ಮೇಲೆ ಬರೋ ಜೀವ ನನಗೆ ಬೇಡ. ಅದನ್ನ ನೀವೇ ಇಟ್ಕೊಳ್ಳಿ, ದೋನ್ ಅಬುಂದಿಯೋ. ಪೂಜೆಗೆ ಬೇಕಾದ್ರೂ ಹಾಕಿ."

ಅಷ್ಟು ಹೇಳಿ ಬಂದಳು. ದಾರಿಯಲ್ಲಿ ಕಾಲು ಸೋತು ಮೂರು ಕಡೆ ಕೂತಳು. ಅತ್ತೆ ಪಕ್ಕದಲ್ಲಿ ನಿಂತಳು, ಕೈ ಕೊಡಲಿಲ್ಲ, ಬೈಯಲೂ ಇಲ್ಲ. ಬೈಯದೇ ಇದ್ದದ್ದೇ ಲಾಂದಿಗೆ ಸೋಜಿಗ. ಹಿಂದಿನ ದಿನವೆಲ್ಲ "ಮೆರೆದೆಯಲ್ಲ, ಅನುಭವಿಸು" ಅಂತ ಜಪ ಮಾಡ್ತಿದ್ದೋಳು.

ಆ ರಾತ್ರಿ ಲಾಂದಿಗೆ ಎಚ್ಚರ ಆದಾಗ ಅತ್ತೆಯ ಜೋಲಿ ಖಾಲಿ. ಹಿತ್ತಲಲ್ಲಿ ಬಾವಿಯ ಹಲಗೆ ಸರಿಸಿ, ಮುದುಕಿ ತಲೆ ಒಳಗೆ ಹಾಕಿಕೊಂಡು ನಿಂತಿದ್ದಳು.

"ಅತ್ತೆ... ನನ್ನ ಧ್ವನಿ ಕೇಳ್ತಾ ಇದೀರಾ?"

"ಷ್! ನಿಂದಲ್ಲ. ನಿನ್ನ ಹಿಂದೆ ಇನ್ನೊಂದಿದೆ..."

ಇಬ್ಬರೂ ಬಗ್ಗಿದರು. ಮೊದಲು ಲಾಂದಿಯ ಮಾತು, ನಿಧಾನ, ಜಾರುತ್ತೆ... ಅದು ನಿಂತಿತು. ಅದರ ಹಿಂದೆ, ಬಹಳ ಕೆಳಗೆ... ಕೆಮ್ಮು. ಎರಡು ಸಣ್ಣ ಕೆಮ್ಮು, ಆಮೇಲೆ ಮೂಗಿನಿಂದ ಬಿಟ್ಟ ನಿಟ್ಟುಸಿರು.

"ನಮ್ಮಮ್ಮ," ಅಂದಳು ದೋನ್ಯಾ ಬಾಸಿಲಿಯಾ. "ಅವಳೇ. ಹಾಗೇ ಕೆಮ್ಮೋಳು."

ಆಗ ಹೇಳಿದಳು. ಅವಳು ಲಂಗದ ಹುಡುಗಿಯಾಗಿದ್ದಾಗ, ಬಾವಿಗಳೆಲ್ಲ ಬತ್ತಿ ಆಳದ ಮಡುವಿನಲ್ಲಿ ಮಾತ್ರ ನೀರುಳಿದ ವರ್ಷ. ಮಡುವಿನ ನೀರು ಪೂಜೆಗೆ ಮಾತ್ರ ಅಂದರು ಗಂಡಸರು. ಮಕ್ಕಳು ಬಾಯಾರಿ ಅಳ್ತಿದ್ದವು. ಹೆಂಗಸರು ರಾತ್ರಿ ಕದ್ದು ಕೊಡ ಹಿಡಕೊಂಡು ಇಳಿದರು. ಊರಿಗೆಲ್ಲ ನೀರು ಕುಡಿಸಿದರು. ಮೇಲೆ ಬಂದಾಗ ಯಾರೂ ಯಾರನ್ನೂ ಕರೆಯಲಿಲ್ಲ. ಕೂಗಿದರೆ ಇಳಿದದ್ದು ಗೊತ್ತಾಗಿಬಿಡುತ್ತೆ ಅಂತ ಭಯ. ಮಳೆಗಾಲ ಬರೋ ಹೊತ್ತಿಗೆ ಒಬ್ಬೊಬ್ಬರಾಗಿ ಹೋದರು. ಜ್ವರ ಅಂದರು ಗಂಡಸರು. ಬಾಸಿಲಿಯಾಳ ತಾಯಿ ಫೆಲಿಪಾ ಹಾಗೇ ಹೋದಳು. ದೋನ್ ಅಬುಂದಿಯೋ ಆಗಷ್ಟೇ ಮದುವೆಯಾದ ಹುಡುಗ. ಅವನ ಹೆಂಡತಿ ತೋಮಾಸಾ ಹಾಗೇ ಹೋದಳು.

"ಅತ್ತೆ, ಕಾಯೋನೇ ಕರೀಬೇಕು ಅಂತ ಹೇಳಿದ್ದು ಯಾರು?"

ಮುದುಕಿ ಯೋಚನೆ ಮಾಡಿದಳು. "ಕಾಯೋನು," ಅಂದಳು. ಅಷ್ಟಂದು ಹೊದ್ದ ಶಾಲು ಬಿಗಿದು ಎದ್ದಳು. "ನಡಿ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಏನು ಉದ್ಧಾರ ಆದೆ ನಾನು?"

ಹಿತ್ತಲಿಂದ ಹಿತ್ತಲಿಗೆ, ಬೇಲಿ ಸಂದಿಯಲ್ಲಿ, ಪಿಸುಮಾತು ಹೋಯ್ತು. ಗಂಡಸರನ್ನ ಎಬ್ಬಿಸಬೇಡಿ. ಬೆಳಗಿನ ರೊಟ್ಟಿಗೆ ಅರೆಯೋಕೆ ನೆನೆಹಾಕಿದ ಜೋಳ ಹಾಗೇ ಇರಲಿ. ಬನ್ನಿ. ಯಾರಿಗೂ ಹೆಚ್ಚು ಹೇಳಬೇಕಾಗಲಿಲ್ಲ, ಅವರವರ ಬಾವಿಯಲ್ಲೂ ಏನೋ ಕೇಳಿಸಿತ್ತಲ್ಲ. ಬಿಳೀ ಉಯಿಪಿಲ್ ನಿಲುವಂಗಿ ತೊಟ್ಟ ಹೆಂಗಸರು ಒಬ್ಬೊಬ್ಬರೇ ಬೂರುಗದ ಮರದ ಕೆಳಗೆ ಬಂದು ಸೇರಿದರು. ನಮ್ಮನೆಯಿಂದಲೂ ಒಬ್ಬಳು ಹೋದಳು. ನನಗೆ ಗೊತ್ತಾಗಲಿಲ್ಲ.

ದಂಡೆ ಮೇಲೆ ಕತ್ತಲು. ಕೆಳಗೆ ಇನ್ನೂ ಕತ್ತಲು. ಮೊಬೈಲ್ ಬೆಳಕು ಹಾಕಿದರೆ ಮೊದಲ ಮೆಟ್ಟಿಲು ಮಾತ್ರ ಕಾಣೋದು. ಲಾಂದಿಯನ್ನ ಇಬ್ಬರು ಹಿಡಕೊಂಡಿದ್ದರು, ನಿಲ್ಲೋ ಶಕ್ತಿ ಇರಲಿಲ್ಲ. ಒಬ್ಬಳು "ಕರೆದ್ರೆ ಬೇರೆ ಏನಾದ್ರೂ ಬಂದ್ರೆ?" ಅಂದಳು.

"ಬರಲಿ," ಅಂದಳು ದೋನ್ಯಾ ಬಾಸಿಲಿಯಾ. ಸೊಂಟದ ಮೇಲೆ ಕೈ ಇಟ್ಟಳು. ಆ ಮುದುಕಿಯ ಗಂಟಲು ಅಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಿರಲಿಲ್ಲ.

"ಲಾಂದೀ! ಬಾ, ಅಲ್ಲಿ ಉಳೀಬೇಡ!"

ಸದ್ದಿಲ್ಲ.

ಎಲ್ಲರೂ ಸೇರಿ ಕೂಗಿದರು. "ಲಾಂದೀ! ಬಾ!"

ಟೊಪ್... ಟೊಪ್... ಆಮೇಲೆ ಕೆಳಗೆ ನೀರು ಸರಿದ ಸದ್ದು, ಯಾರೋ ದಡಕ್ಕೆ ಕೈಯೂರಿ ಮೇಲೆದ್ದ ಹಾಗೆ.

"ಬಂದೆ..."

ಕಿರ್... ಕಿರ್... ಮೆಟ್ಟಿಲು. ನಿಧಾನ. ಒಂದು ಕಡೆ ನಿಂತಿತು. ಮತ್ತೆ ಕಿರ್... ಮೊದಲ ಮೆಟ್ಟಿಲ ಮೇಲೆ ಬೆಳಕು ಇತ್ತು, ಅಲ್ಲಿ ಯಾರೂ ಕಾಣಲಿಲ್ಲ. ಮೆಟ್ಟಿಲು ಮಾತ್ರ ಕಿರ್ ಅಂತು. ಲಾಂದಿ ಒಮ್ಮೆಗೇ ಮುಂದಕ್ಕೆ ಬಾಗಿದಳು, ಬಾಯಿಂದ ಬಳಬಳ ನೀರು ಕಾರಿದಳು, ತಣ್ಣಗಿನ ಹಸಿರು ನೀರು. ಆಮೇಲೆ ಉಸಿರು ಎಳಕೊಂಡಳು.

"ಅತ್ತೆ," ಅಂದಳು. ಧ್ವನಿ! ಅವಳ ಧ್ವನಿ, ಖಣ್ ಅಂತ. ಹೆಂಗಸರು ಅಳ್ತಾ ನಗ್ತಾ ಅವಳನ್ನ ತಬ್ಬಿಕೊಂಡರು. ಮುಗೀತು, ನಡೀರಿ ಮನೆಗೆ ಅಂತ ತಿರುಗಿದರು.

ಆಗ ಕೆಳಗಿಂದ ಕೇಳಿಸಿತು. ಬಹಳ ಮೆಲ್ಲಗೆ.

"ಮತ್ತೆ... ನಾನು?"

ತಿರುಗಿದೋರು ಮತ್ತೆ ಕೆಳಗೆ ಕಿವಿ ಕೊಟ್ಟರು.

"ನಾನು?" ಅಂತ ಇನ್ನೊಂದು. "ನಾನು?" ಅಂತ ಮತ್ತೊಂದು, ಎಳೇ ಹುಡುಗಿಯದು. ಎರಡು ಕೆಮ್ಮು. ನಿಟ್ಟುಸಿರು.

"ಓಡ್ರೇ!" ಅಂದಳು ಯಾರೋ. ಒಂದಿಬ್ಬರು ಓಡಿಯೂ ಓಡಿದರು, ಮರದ ತನಕ. ಅಷ್ಟರಲ್ಲಿ ಗುಡಿಸಲ ಬಾಗಿಲು ದಡ್ ಅಂತ ತೆರೀತು. ದೋನ್ ಅಬುಂದಿಯೋ ದೊಣ್ಣೆ ಹಿಡಕೊಂಡು ಬಂದ.

"ಯಾರ ಅಪ್ಪಣೆ ತಗೊಂಡ್ರಿ? ಸತ್ತೋರನ್ನ ಕರೀಬಾರ್ದು! ಊರು ಹಾಳಾಗುತ್ತೆ!"

"ಬಾಯಾರಿದ ಊರಿಗೆ ನೀರು ಕುಡಿಸಿದೋರು ಅವರು," ಅಂದಳು ದೋನ್ಯಾ ಬಾಸಿಲಿಯಾ. "ನೀನೂ ಕುಡಿದಿದೀಯ. ಪಕ್ಕಕ್ಕೆ ನಿಲ್ಲು." ಅವನಿಗೆ ಬೆನ್ನು ಹಾಕಿ ನಿಂತು ಕೂಗಿದಳು. ಕೂಗೋವಾಗ ಹುಡುಗಿ ಧ್ವನಿ ಬಂತಂತೆ ಅವಳಿಗೆ. "ಅಮ್ಮಾ! ಫೆಲಿಪಾ! ಬಾ, ಅಲ್ಲಿ ಉಳೀಬೇಡ!"

"ಬಂದೆ..."

ಆಮೇಲೆ ಯಾರೂ ಓಡಲಿಲ್ಲ. ಓಡಿದೋರೂ ವಾಪಸ್ ಬಂದರು. ಅಜ್ಜಿ, ದೊಡ್ಡಮ್ಮ, ಸೋದರತ್ತೆ, ನೆನಪಿದ್ದ ಹೆಸರೆಲ್ಲ ಕೂಗಿದರು. ಒಂದೊಂದು ಹೆಸರಿಗೂ ಮೆಟ್ಟಿಲು ಕಿರ್ ಅಂತಿತ್ತು, ತಣ್ಣನೆ ಗಾಳಿ ಪಕ್ಕದಲ್ಲೇ ಸುಳಿದು ಊರ ಕಡೆ ಹೋಗ್ತಿತ್ತು. ಮುದುಕ ದೊಣ್ಣೆ ಊರಿಕೊಂಡು ನಿಂತೇ ಇದ್ದ.

ಕೊನೆಗೆ ಒಂದು ಧ್ವನಿ ಉಳೀತು. ಆ ಎಳೇದು.

"ಅಬುಂದಿಯೋ... ನನ್ನನ್ನ ಕರೆಯಲ್ವಾ?"

ಎಲ್ಲರೂ ಅವನ ಮುಖ ನೋಡಿದರು.  ಹೆಂಡತಿ ಹೆಸರು ಅವನ ಬಾಯಿಂದ ಹೊರಡಲಿಲ್ಲ. ಹೊರಟ್ರೆ ಅವನು ಇಷ್ಟು ವರ್ಷ ಕಾದದ್ದೆಲ್ಲ ಏನಾಗಬೇಕು? ದೊಣ್ಣೆ ಕೈಯಿಂದ ಜಾರಿ ಬಿತ್ತು, ಟಕ್ ಟಕ್ ಟಕ್ ಅಂತ ಮೆಟ್ಟಿಲು ಮೆಟ್ಟಿಲು ಇಳಿದು ನೀರಿಗೆ ಬಿತ್ತು.

"ಕರೀರಿ, ದೋನ್ ಅಬುಂದಿಯೋ," ಅಂದಳು ಲಾಂದಿ.

ಅವನು ತಲೆ ಅಲ್ಲಾಡಿಸಿದ.

"ಹಾಗಾದ್ರೆ ನಾನು ಕರೀತೀನಿ. ಅವಳೇನು ನಿಮ್ಮೊಬ್ಬರ ಸ್ವತ್ತಾ?" ಆಗಷ್ಟೇ ವಾಪಸ್ ಬಂದ ಧ್ವನಿ, ಅದನ್ನೆಲ್ಲ ಒಟ್ಟಿಗೇ ಸುರಿದುಬಿಟ್ಟಳು. "ತೋಮಾಸಾ! ಬಾರಮ್ಮ! ಅಲ್ಲಿ ಉಳಿದದ್ದು ಸಾಕು!"

 ಮೆಟ್ಟಿಲು ಕಿರ್ ಅಂದದ್ದು ಮಾತ್ರ ಕೇಳಿಸಿತು, ಕೆಳಗಿಂದ ಮೇಲಿನ ತನಕ, ಬೇಗ ಬೇಗ.

ಬೆಳಗಿನ ಜಾವ ಹೆಂಗಸರು ಮನೆಗೆ ಬಂದರು. ಗಾಸ್ಪರ್ ಜೋಲಿಯಲ್ಲಿ ಎದ್ದು ಕೂತು ಕಣ್ಣುಜ್ಜಿಕೊಂಡ. "ಏನೇ, ರಾತ್ರಿಯೆಲ್ಲ ಗರ್‍ರ್ ಗರ್‍ರ್ ಅಂತ ಅರೆದು ಅರೆದು ನಿದ್ದೆ ಕೆಡಿಸಿದೆಯಲ್ಲ. ಹಿಟ್ಟಿನ ಮಿಷನ್ನಿಗೆ ಹಾಕಿಸಬಾರದಿತ್ತಾ?"

ಲಾಂದಿ ಅಡುಗೆಮನೆಗೆ ಹೋಗಿ ನೋಡಿದಳು. ಸುಣ್ಣದ ನೀರಲ್ಲಿ ನೆನೆಹಾಕಿ ಹೋಗಿದ್ದ ಜೋಳ ಇರಲಿಲ್ಲ. ಬೋಗುಣಿ ತುಂಬ ಹಿಟ್ಟು, ಮೇಲೆ ಬಟ್ಟೆ ಮುಚ್ಚಿತ್ತು. ಒಂದು ಮನೆಯಲ್ಲಲ್ಲ, ಹೆಂಗಸರು ಎದ್ದುಹೋದ ಎಲ್ಲ ಮನೆಯಲ್ಲೂ. ಎಲ್ಲ ಗಂಡಸರಿಗೂ ಅರೆಯೋ ಸದ್ದು ಕೇಳಿಸಿತ್ತು. ನನಗೂ ಕೇಳಿಸಿತ್ತು. ಹೆಂಡತಿ ಒಳಗಿದ್ದಾಳೆ ಅಂತ ಮಗ್ಗುಲು ಬದಲಾಯಿಸಿ ಮಲಗಿದೆ ನಾನು. ಆ ರೊಟ್ಟಿ ತಿಂದೂ ತಿಂದೆ, ಹಲ್ಲಿಗೆ ಹಳೇ ಅರೆಯೋ ಕಲ್ಲಿನ ಹರಳು ಸಿಕ್ಕಿತು.

ಲಾಂದಿ ಈಗಲೂ ಗೈಡು. ದಿನಾ ತಾನೇ ಇಳೀತಾಳೆ. ನೀರು ಹಸಿರು ಅಂತ ಹೇಳ್ತಾಳೆ. ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ದೋನ್ಯಾ ಬಾಸಿಲಿಯಾ ಎಲ್ಲರ ಹೆಸರೂ ಕೂಗ್ತಾಳೆ, ಸೊಸೆಯ ಹೆಸರು ಎಲ್ಲಕ್ಕಿಂತ ಜೋರಾಗಿ. ಮಳೆ? ಬಂತಪ್ಪ, ಯಾವಾಗಿನಷ್ಟೇ ಬಂತು. ಕಾದು ನೋಡಿದ ಗಂಡಸರಿಗೆ ಸ್ವಲ್ಪ ನಿರಾಸೆಯೇ ಆಯ್ತು.

ಆದರೆ ನಾನು ಹೇಳಬೇಕು ಅಂತ ಕೂತದ್ದು ಇದು. ಆ ಬೆಳಿಗ್ಗೆ ದೋನ್ ಅಬುಂದಿಯೋ ಹೊರಗೆ ಕಾಣಲಿಲ್ಲ ಅಂತ ನಾನೇ ಅವನ ಗುಡಿಸಲಿಗೆ ಹೋದೆ. ಅವನು ಯಾವತ್ತೂ ಜೋಳ ನೆನೆಹಾಕಿದೋನಲ್ಲ, ಅಂಗಡಿ ರೊಟ್ಟಿ ತಿನ್ನೋನು. ಆ ಮನೆಗೆ ಹೆಂಗಸು ಕಾಲಿಟ್ಟು ಯಾವ ಕಾಲವಾಯ್ತೋ. ಮುದುಕ ನೆಲದ ಮೇಲೆ ಕೂತಿದ್ದ. ಎದುರಿಗೆ ಒಂದು ಸೋರೆಬುರುಡೆ, ಅದರಲ್ಲಿ ಹಿಟ್ಟು. ಬೆರಳಿಟ್ಟು ನೋಡಿದೆ, ಇನ್ನೂ ಹಸಿಯಾಗಿತ್ತು. ನನ್ನ ಕಣ್ಣಾಣೆಗೂ ನಡೆದದ್ದು. ಇಬ್ಬರಿಗೆ ಆಗೋವಷ್ಟು ಇತ್ತು.